ಬಾಗಲಕೋಟೆಯಿಂದ ಬೆಂಗಳೂರಿಗೆ ವಿಮಾನ: ಸಾಂಬ್ರಾನೋ, ಹುಬ್ಬಳ್ಳಿನೋ?

ಬಾಗಲಕೋಟೆಯಲ್ಲಿ ಟಿಕೆಟ್ ಬುಕಿಂಗ್ ನನ್ನ ಕೆಲಸ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ಹಾಗಾಗಿ ಬೆಂಗಳೂರಿಗೆ ಹೊರಟವರ ಮೊದಲ ಪ್ರಶ್ನೆ ಇದೇ: “ಸಾಂಬ್ರಾ ಛಲೋನೋ, ಹುಬ್ಬಳ್ಳಿ ಛಲೋನೋ? ಯಾವುದು ಲಗೂ ಮುಟ್ಟಸ್ತೈತ್ರಿ?” ಕೇಳುತ್ತಲೇ ಮೊಬೈಲ್ ಮುಂದೆ ಹಿಡಿದು ಹಾರಾಟದ ಅವಧಿ ತೋರಿಸುತ್ತಾರೆ. ಯಾವುದು ಐದ್ಹತ್ತು ನಿಮಿಷ ಕಡಿಮೆಯೋ ಅದನ್ನೇ ತೆಗೀರಿ ಅನ್ನುತ್ತಾರೆ. ಆ ಐದ್ಹತ್ತು ನಿಮಿಷ ನೋಡಿ ಟಿಕೆಟ್ ತೆಗೆಸಬಾರದು ಅನ್ನುವುದು ಈ ಕೆಲಸ ನನಗೆ ಕಲಿಸಿದ ಪಾಠ.

ನೇರ ಗೆರೆ ಎಳೆದರೆ ಸಾಂಬ್ರಾದಿಂದ ಬೆಂಗಳೂರು ನಿಲ್ದಾಣಕ್ಕೆ ಸುಮಾರು 445 ಕಿ.ಮೀ., ಹುಬ್ಬಳ್ಳಿಯಿಂದ ಸುಮಾರು 370. ನಡುವಿನ 75 ಕಿ.ಮೀ. ನಮ್ಮ ರಸ್ತೆಯಲ್ಲಿ ಒಂದೂವರೆ ತಾಸಿನ ಹಾದಿ. ಗಂಟೆಗೆ 500 ಕಿ.ಮೀ. ಓಡುವ, ಪ್ರೊಪೆಲ್ಲರ್‌ನ ಸಣ್ಣ ಎಟಿಆರ್ ವಿಮಾನಕ್ಕೆ ಅದು ಒಂಬತ್ತು ನಿಮಿಷ, 800 ದಾಟುವ ಏರ್‌ಬಸ್ ಜೆಟ್‌ಗೆ ಆರು ನಿಮಿಷವೂ ಬೇಡ. ಅಷ್ಟು ವೇಗವಿದ್ದೂ ಟಿಕೆಟ್ ಮೇಲೆ ಒಂದೂಕಾಲು ತಾಸು ಯಾಕೆ ಬರೆದಿರುತ್ತದೆ ಎಂದು ಕೇಳುವವರಿದ್ದಾರೆ, ಒಳ್ಳೆಯ ಪ್ರಶ್ನೆ. ಅಲ್ಲಿರುವುದು ಬರೀ ಹಾರಾಟದ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಕದಲಿ, ರನ್‌ವೇವರೆಗೆ ಸಾಗಿ, ಸರದಿ ಕಾದು, ಏರಿ, ಇಳಿದು, ಮತ್ತೆ ತನ್ನ ಜಾಗದಲ್ಲಿ ನಿಲ್ಲುವವರೆಗಿನ ಲೆಕ್ಕವದು. ಇಷ್ಟು ಸಣ್ಣ ದಾರಿಯಲ್ಲಿ ಬಹುಪಾಲು ಏರುವುದರಲ್ಲಿ, ಇಳಿಯುವುದರಲ್ಲೇ ಮುಗಿಯುತ್ತದೆ. ಗಾಳಿಯದೂ ಪಾಲಿದೆ. ಸಾಂಬ್ರಾದ ರನ್‌ವೇ ಹೆಚ್ಚೂಕಡಿಮೆ ಪೂರ್ವ-ಪಶ್ಚಿಮವಾಗಿದೆ. ಮಳೆಗಾಲದ ಪಶ್ಚಿಮದ ಗಾಳಿಗೆ ಎದುರಾಗಿ ಏರಿದ ವಿಮಾನ ಆಮೇಲೆ ತಿರುಗಿ ಆಗ್ನೇಯದ ದಾರಿ ಹಿಡಿಯಬೇಕು.

ನಿಜವಾಗಿ ಹೊತ್ತು ತಿನ್ನುವುದು ನೆಲ. ಬಾಗಲಕೋಟೆಯಿಂದ ಎರಡೂ ನಿಲ್ದಾಣಗಳ ದೂರದಲ್ಲಿ ದೊಡ್ಡ ಅಂತರವಿಲ್ಲ. ಆದರೆ ಸಾಂಬ್ರಾ ಇರುವುದು ಬೆಳಗಾವಿಯ ಪೂರ್ವಕ್ಕೆ, ಬಾಗಲಕೋಟೆ ರಸ್ತೆಯ ಮೇಲೇ. ಲೋಕಾಪುರ, ಯರಗಟ್ಟಿ ಹಾದು ಬಂದರೆ ಊರು ಮುಟ್ಟುವ ಮೊದಲೇ ನಿಲ್ದಾಣ ಸಿಗುತ್ತದೆ. ನರಗುಂದ, ನವಲಗುಂದ ಕಡೆಯಿಂದ ಹುಬ್ಬಳ್ಳಿಗೆ ಹೋದವರು ಗೋಕುಲ ರಸ್ತೆಯ ನಿಲ್ದಾಣಕ್ಕೆ ಊರಿನ ಆಚೆ ಬದಿಗೆ ದಾಟಬೇಕು. ಸಂಜೆ ಆ ದಾಟುವಿಕೆಗೆ ನಾನು ಅರ್ಧ ತಾಸು ಬೇರೆ ಇಡುತ್ತೇನೆ. ಹಾಗಂತ ಸಾಂಬ್ರಾ ಯಾವಾಗಲೂ ಗೆಲ್ಲುತ್ತದೆ ಎಂದೇನಲ್ಲ. ಕಬ್ಬು ನುರಿಸುವ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಯರಗಟ್ಟಿ ದಾರಿ ಮುಗಿಯುವುದೇ ಇಲ್ಲ. ಹುಬ್ಬಳ್ಳಿ ದಾರಿಗೆ ಮಳೆಯ ಭಯ: 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರ ಬಳಿ ಹೆದ್ದಾರಿಯೇ ಬಂದ್ ಆಗಿತ್ತು.

ಅದಕ್ಕೇ ನಾನು ಮೊದಲು ಕೇಳುವುದು ಊರು, ತಿಂಗಳು ಮತ್ತು ಹೊರಡುವ ಹೊತ್ತು. ಮುಧೋಳ, ಮಹಾಲಿಂಗಪುರದವರಿಗೆ ಸಾಂಬ್ರಾ ಹೇಳುತ್ತೇನೆ. ಬಾದಾಮಿ, ಗುಳೇದಗುಡ್ಡದವರಿಗೆ ಹುಬ್ಬಳ್ಳಿ. ಬಾಗಲಕೋಟೆಯವರಿಗೆ ಮಾತ್ರ ಆ ದಿನದ ರಸ್ತೆ ನೋಡಿ ಹೇಳಬೇಕು.

ನಿಲ್ದಾಣದ ಚೆಕ್-ಇನ್ ಕೌಂಟರ್ ಬಹುತೇಕ ವಿಮಾನಗಳಿಗೆ 60 ನಿಮಿಷ ಮೊದಲೇ ಮುಚ್ಚುತ್ತದೆ ಎಂದೂ ಬರೆದುಕೊಡುತ್ತೇನೆ. ಬೆಳಗಿನ 9ರ ವಿಮಾನವಾದರೆ, ರಸ್ತೆಗೆ ಮೂರು ತಾಸು ಹಿಡಿದು, ಮನೆಯಿಂದ 4.30ಕ್ಕೆ ಬಿಡಿ ಅನ್ನುತ್ತೇನೆ. “ಅಷ್ಟು ಬೇಗಾ?” ಅನ್ನುತ್ತಾರೆ. ವಯಸ್ಸಾದ ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವವರಾದರೆ ಆ 4.30ನ್ನೂ 4 ಮಾಡುತ್ತೇನೆ, ನಡುವೆ ಯರಗಟ್ಟಿಯಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸಲಿ ಅಂತ.