ರಂಗಮಂದಿರದಲ್ಲಿ ಬ್ಯಾಂಡ್ ಕೇಳಲು ಎಲ್ಲಿ ಕೂರಬೇಕು?

ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಕಡೆ ಸ್ವತಂತ್ರ ಬ್ಯಾಂಡುಗಳ ಸಂಗೀತೋತ್ಸವ ಇದ್ದರೆ ಬಾಗಿಲು ತೆಗೆದ ಕೂಡಲೇ ಜನ ಮುಂದಿನ ಸಾಲಿಗೆ ನುಗ್ಗುತ್ತಾರೆ. ನಾಟಕಕ್ಕಾದರೆ ಸರಿ, ನಟರ ಮುಖ ಕಾಣಬೇಕು. ಬ್ಯಾಂಡ್ ಕೇಳಲು ಅದರಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಡ್ರಮ್ಮಿನ ಪೆಟ್ಟು, ಗಿಟಾರ್ ಆಂಪಿನ (ಗಿಟಾರಿನ ದನಿ ಹೆಚ್ಚಿಸುವ ಪೆಟ್ಟಿಗೆ) ಸದ್ದು ವೇದಿಕೆಯಿಂದ ನೇರ ಬಂದು ಬಡಿಯುತ್ತವೆ. ಹಾಡುವವರ ದನಿ ಮಾತ್ರ ಎಡಬಲದ ಸ್ಪೀಕರುಗಳಿಂದ ಬರಬೇಕು. ಅವು ಹೆಚ್ಚಾಗಿ ಮೊದಲ ಸಾಲನ್ನು ದಾಟಿ ಹಿಂದಕ್ಕೆ ಮುಖ ಮಾಡಿರುತ್ತವೆ. ಸಾಲದ್ದಕ್ಕೆ ಹಿಂಗೋಡೆಯ ಮಾರ್ದನಿ. ಗೋಡೆ 17 ಮೀಟರ್ ದೂರವಿದ್ದರೆ ಸದ್ದು ಹೋಗಿ ಬರಲು 34 ಮೀಟರ್, ಅಂದರೆ ಸೆಕೆಂಡಿನ ಹತ್ತರಲ್ಲೊಂದು ಪಾಲು. ಅಷ್ಟು ಸಾಕು, ಒಂದೇ ಪೆಟ್ಟು ಎರಡು ಸಲ ಕೇಳಿಸುತ್ತದೆ. ಕನ್ನಡ ಹಾಡಿನ ಸಾಹಿತ್ಯ ಕಿವಿಗೆ ಬೀಳದಿದ್ದರೆ ಅರ್ಧ ಹಾಡೇ ಹೋದಂತೆ.

ಒಳಗೆ ಹೋದವರು ಮೊದಲು ಮಿಕ್ಸರ್ (ಎಲ್ಲ ಮೈಕು, ವಾದ್ಯಗಳ ಸದ್ದನ್ನು ಹೊಂದಿಸುವ ಯಂತ್ರ) ಇಟ್ಟ ಮೇಜು ಎಲ್ಲಿದೆ ನೋಡಿ. ಸೌಂಡ್ ಇಂಜಿನಿಯರ್ ತಮ್ಮ ಕಿವಿಗೆ ಕೇಳಿದಂತೆ ಹೊಂದಿಸುತ್ತಾರೆ, ಹಾಗಾಗಿ ಆ ಮೇಜಿನ ಮುಂದಿನ ಎರಡು ಮೂರು ಸಾಲು, ನಟ್ಟನಡುವೆ, ಎಲ್ಲಕ್ಕಿಂತ ಒಳ್ಳೆಯ ಜಾಗ. ಮೇಜನ್ನು ಮೂಲೆಗೋ ಬಾಲ್ಕನಿಯ ಅಡಿಗೋ ತಳ್ಳಿದ್ದರೆ ಈ ಲೆಕ್ಕ ಕೆಡುತ್ತದೆ. ಮೂಲೆಯಲ್ಲಿ ಬೇಸ್, ಅಂದರೆ ತಗ್ಗಿನ ಸ್ವರಗಳ ಸದ್ದು, ಗುಡ್ಡೆ ಬೀಳುತ್ತದೆ. ಅಲ್ಲಿ ನಿಂತ ಇಂಜಿನಿಯರ್ ಅದನ್ನು ತಗ್ಗಿಸುತ್ತಾರೆ, ನಡುವಿನಲ್ಲಿ ಕೂತವರಿಗೆ ಎಲ್ಲ ತೆಳ್ಳಗಾಗುತ್ತದೆ. ಆಗಲೂ ನಡುಭಾಗ ಬಿಡಬೇಡಿ, ಬಾಲ್ಕನಿಯ ಅಡಿಗೆ ಮತ್ತು ಕೊನೇ ಸಾಲಿಗೆ ಮಾತ್ರ ಹೋಗಬೇಡಿ.

ಮೊದಲ ಎರಡು ಹಾಡು ಕೇಳಿ ತೀರ್ಪು ಕೊಡಬಾರದು. ಕಾರ್ಯಕ್ರಮಕ್ಕೆ ಮುಂಚಿನ ಸೌಂಡ್ ಚೆಕ್ ಮಾಡಿದ್ದು ಖಾಲಿ ಹಾಲಿನಲ್ಲಿ; ಜನ ತುಂಬಿದ ಮೇಲೆ ಮೈ, ಬಟ್ಟೆ ಎಲ್ಲ ಸೇರಿ ಮೇಲಿನ ಸ್ವರಗಳನ್ನು ಹೀರಿಕೊಳ್ಳುತ್ತವೆ, ಮತ್ತೆ ಹೊಂದಿಸಲು ಹತ್ತು ನಿಮಿಷವಾದರೂ ಬೇಕು. ಮೈಕ್ ಕೂಗಿದರೆ ಇಂಜಿನಿಯರನ್ನು ಬೈಯುವ ಮುಂಚೆ ಹಾಡುವವರ ಕೈ ನೋಡಿ. ಬೆರಳುಗಳು ಮೈಕಿನ ಜಾಲರಿಯನ್ನು ಮುಚ್ಚಿ ಹಿಡಿದಿದ್ದರೆ ಹಿಂದಿನಿಂದ ಬರುವ ಸದ್ದನ್ನು ತಡೆಯುವ ಅದರ ಗುಣವೇ ಹೋಗುತ್ತದೆ. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಕಾಲ ಬಳಿ ಇಟ್ಟ ಮಾನಿಟರ್ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಸೇರಿ ಸುತ್ತತೊಡಗುತ್ತದೆ. ಕೈ ಹಿಡಿಕೆಗೆ ಇಳಿಸಿದರೆ ಹೆಚ್ಚಿನ ಸಲ ಕೂಗು ಅಲ್ಲೇ ನಿಲ್ಲುತ್ತದೆ.

ಮಲೆನಾಡಿನ ಮಳೆಗಾಲ ವಾದ್ಯಗಳಿಗೆ ಬಲು ಕಷ್ಟ. ತಬಲಾ, ಮೃದಂಗದ ಚರ್ಮ ಥಂಡಿ ಹೀರಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಗಿಟಾರಿನ ಮರ ಉಬ್ಬಿ ತಂತಿ ಮೇಲೇಳುತ್ತದೆ. ಮೇಲಿಂದ ದೀಪದ ಬಿಸಿಗೆ ತಂತಿ ಹಿಗ್ಗಿ ಸ್ವರ ತಗ್ಗುತ್ತದೆ. ಹಾಡುಹಾಡಿನ ನಡುವೆ ಶ್ರುತಿ ಮಾಡಿಕೊಳ್ಳುವವರನ್ನು ಚಪ್ಪಾಳೆ ತಟ್ಟಿ ಅವಸರ ಮಾಡಬೇಡಿ, ಆ ಒಂದು ನಿಮಿಷದ ಮೌನವನ್ನು ಅವರಿಗೆ ಕೊಡಿ. ಆಯೋಜಕರಿಗೂ ಒಂದು ಮಾತು: ಮಿಕ್ಸರಿಗೆ ಯುಪಿಎಸ್ ಕೊಡಿ. ಕರೆಂಟ್ ಹೋಗಿ ಜನರೇಟರ್ ಹತ್ತುವಷ್ಟರಲ್ಲಿ ಡಿಜಿಟಲ್ ಮಿಕ್ಸರ್ ಆರಿ, ಮತ್ತೆ ಹೊತ್ತಿಕೊಳ್ಳುವ ತನಕ ಹಾಡು ನಿಂತೇಬಿಡುತ್ತದೆ.

ಕಿವಿಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸದ್ದನ್ನು ಅಳೆಯುವುದು ಡೆಸಿಬಲ್ಲಿನಲ್ಲಿ; 85 ಡೆಸಿಬಲ್ಲಿಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧವಾಗುತ್ತಾ ಹೋಗಿ 100ಕ್ಕೆ ಬರೀ 15 ನಿಮಿಷ ಉಳಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಫೋಮ್ ಇಯರ್ ಪ್ಲಗ್ ಸಾಕು. ಬೆರಳಲ್ಲಿ ಹೊಸೆದು ಸಣ್ಣದಾಗಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಿ, ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅರ್ಧಂಬರ್ಧ ಸಿಕ್ಕಿಸಿದರೆ ಇದ್ದೂ ಇಲ್ಲದಂತೆ. ಫೋಮು ಸಾಹಿತ್ಯವನ್ನು ಸ್ವಲ್ಪ ಮಂಕು ಮಾಡುವುದು ನಿಜ. ಮೇಲಿಂದ ಮೇಲೆ ಹೋಗುವವರು ಸಂಗೀತಕ್ಕೆಂದೇ ಬರುವ ಫಿಲ್ಟರ್ ಪ್ಲಗ್ ಕೊಳ್ಳಲಿ. ಮಕ್ಕಳಿಗೆ ಇಯರ್ ಮಫ್ ಹಾಕಿ.

ರಾತ್ರಿ 10ರ ನಂತರ ಬಯಲಲ್ಲಿ ಸಾಮಾನ್ಯವಾಗಿ ಧ್ವನಿವರ್ಧಕ ಬಳಸುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ಅಂಗಳದಲ್ಲೂ ವೇದಿಕೆ ಹಾಕಿದ್ದರೆ ಅಲ್ಲಿನ ಕೊನೆಯ ಬ್ಯಾಂಡಿಗೆ ಸಮಯ ಕಡಿತವಾಗುವ ಸಂಭವ ಹೆಚ್ಚು, ಏಕೆಂದರೆ ಬ್ಯಾಂಡ್ ಬದಲಾಗುವಾಗಲೆಲ್ಲ ಹದಿನೈದಿಪ್ಪತ್ತು ನಿಮಿಷ ಜಾರುತ್ತದೆ. ಸಾಗರ, ತೀರ್ಥಹಳ್ಳಿ ಕಡೆಯವರು ಕೊನೇ ಬಸ್ಸಿನ ಹೊತ್ತನ್ನು ಮೊದಲೇ ವಿಚಾರಿಸಿಕೊಂಡು, ಕೇಳಲೇಬೇಕಾದ ಬ್ಯಾಂಡ್ ಯಾವುದೆಂದು ಗೊತ್ತು ಮಾಡಿಕೊಂಡು ಹೊರಡಿ. ಟೀ ಶರ್ಟು, ಆಲ್ಬಮ್ಮು ಬೇಕಿದ್ದರೆ ಬ್ಯಾಂಡಿನವರ ಮೇಜಿನಲ್ಲೇ ಕೊಳ್ಳಿ, ದುಡ್ಡು ನೇರ ಅವರಿಗೇ ಸೇರುತ್ತದೆ.