ಹೂಜಾ ಹಳ್ಳದ ದಂಡೆಗೆ ಹೋಗುವವರಿಗೆ

ಬಿಳಿ ತೊಗಟೆಯ ದೊಡ್ಡದೊಂದು ಸಿಕಮೋರ್ ಮರ. ಅದರ ಕವಲಿನಲ್ಲಿ, ಸುಮಾರು ಎರಡಾಳು ಎತ್ತರದಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿಕೊಂಡಿತ್ತು. ಯಾರೋ ಕುಡಿದು ಎಸೆದಿರಬೇಕು ಎಂದು ಭಾವ ನಕ್ಕರು. ನಾನೂ ನಕ್ಕೆ. ಅಕ್ಕಪಕ್ಕದ ಮರಗಳಲ್ಲಿ ಒಣಹುಲ್ಲು, ಕಡ್ಡಿ, ಹರಿದ ಪ್ಲಾಸ್ಟಿಕ್ಕು ಎಲ್ಲವೂ ಅದೇ ಮಟ್ಟದಲ್ಲಿ ಗೆರೆ ಎಳೆದಂತೆ ಕೊಂಬೆಗಳಿಗೆ ಸುತ್ತಿಕೊಂಡಿದ್ದನ್ನು ಗಮನಿಸಿದ್ದು ಮರುದಿನ ಬೆಳಿಗ್ಗೆ, ಅಷ್ಟರಲ್ಲಿ ಭಾವನ ಬಲಗಾಲಿನ ಬೂಟು ಹಳ್ಳದ ಪಾಲಾಗಿತ್ತು.

ನಾವು ಹೋದದ್ದು ಅಮೆರಿಕದ ಮಿಸ್ಸೂರಿ ರಾಜ್ಯದ ಓಝಾರ್ಕ್ ಗುಡ್ಡಗಳಿಗೆ, ಸ್ಟೀಲ್‌ವಿಲ್ ಎಂಬ ಸಣ್ಣ ಊರಿನ ಹತ್ತಿರದ ಹೂಜಾ ಹಳ್ಳಕ್ಕೆ. ರಸ್ತೆ ಹಲಗೆಯ ಇಂಗ್ಲಿಷನ್ನು ಇದ್ದ ಹಾಗೆ ಓದಿದರೆ ‘ಹಜ್ಜಾ’ ಆಗುತ್ತದೆ, ಊರವರ ಬಾಯಲ್ಲಿ ಹೂಜಾ. ಪಕ್ಕದಲ್ಲೇ ಇನ್ನೊಂದು ಹಳ್ಳವಿದೆ, ಫ್ರೆಂಚ್ ಹೆಸರಿನದು, ಅದನ್ನು ಅವರು ಕೋಟವೇ ಎನ್ನುತ್ತಾರೆ. ಎರಡೂ ಕೂಡಿ ಮೆರಮೆಕ್ ನದಿಗೆ ಸೇರುತ್ತವೆ. ಸೇಂಟ್ ಲೂಯಿಸ್‌ನಲ್ಲಿರುವ ಕನ್ನಡಿಗರಿಗೆ ಇದು ಒಂದೂವರೆ ಗಂಟೆಯ ದಾರಿ: 44ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ ಕ್ಯೂಬಾ ಊರಿನಲ್ಲಿ ಇಳಿದು, 19ರಲ್ಲಿ ದಕ್ಷಿಣಕ್ಕೆ ಸ್ಟೀಲ್‌ವಿಲ್, ಅಲ್ಲಿಂದ 8ನೇ ರಸ್ತೆಯಲ್ಲಿ ಪೂರ್ವಕ್ಕೆ. ಕ್ಯೂಬಾ ದಾಟಿದ ಮೇಲೆ ಮೊಬೈಲನ್ನು ನಂಬಬೇಡಿ. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ತೀರ್ಥಹಳ್ಳಿ ಕಡೆಯ ನನಗೆ ಹಳ್ಳವೆಂದರೆ ಅಡಿಕೆ ತೋಟದ ಕೆಳಗೆ ಹರಿಯುವುದು. ಇಲ್ಲಿಯದು ಬೇರೆ ಜಾತಿ. ಎರಡೂ ಕಡೆ ಓಕ್ ಮರದ ಗುಡ್ಡ, ನಡುವೆ ಚಪ್ಪಟೆಯಾದ ಮೆಕ್ಕಲು ಮಣ್ಣಿನ ತಗ್ಗು, ಆ ತಗ್ಗಿನಲ್ಲಿ ಹಳ್ಳ ಅಂಕುಡೊಂಕಾಗಿ ಹೊರಳುತ್ತ, ಪ್ರತಿ ತಿರುವಿನ ಒಳಬದಿಯಲ್ಲಿ ಉರುಟು ಕಲ್ಲಿನ ದಿಣ್ಣೆ ಬಿಟ್ಟುಹೋಗುತ್ತದೆ. ಬೇಟೆಯವರಿಗೂ ಮೀನಿನವರಿಗೂ ಈ ತಗ್ಗೇ ಬೇಕು. ನೀರಿಗೆ, ಓಕ್ ಕಾಯಿಗೆ, ಮರೆಗೆ ಜಿಂಕೆಗಳು ಇಳಿದು ಬರುವುದು ಇಲ್ಲಿಗೇ. ನಮ್ಮ ಡೇರೆಗೂ ಆ ಕಲ್ಲುದಿಣ್ಣೆಯೇ ಚೆಂದ ಕಂಡಿತು. “ಇಲ್ಲಿಯೇ ಹಾಕೋಣ ಮಾರಾಯ, ಕಣ್ಣು ಬಿಟ್ಟರೆ ನೀರು” ಎಂದರು ಭಾವ.

ಅವರ ಮಾತು ಅಕ್ಷರಶಃ ನಿಜವಾಯಿತು. ನಮ್ಮ ತಲೆಯ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲಿನ ಗುಡ್ಡಗಳಲ್ಲಿ ಎಲ್ಲೋ ಗುಡುಗುತ್ತಿತ್ತು, ಅಷ್ಟೇ. ರಾತ್ರಿ ಎರಡು ಗಂಟೆಗೆ ಎಚ್ಚರವಾದದ್ದು ಸದ್ದು ಬದಲಾದದ್ದರಿಂದ. ಜುಳುಜುಳು ಹೋಗಿ ಉರುಟು ಕಲ್ಲುಗಳು ಒಂದಕ್ಕೊಂದು ಉಜ್ಜುವ ಗರಗರ ಬಂದಿತ್ತು. ಟಾರ್ಚ್ ಹಾಕಿದರೆ ಮಲಗುವಾಗ ಹದಿನೈದು ಹೆಜ್ಜೆ ದೂರವಿದ್ದ ನೀರು ಡೇರೆಯ ಗೂಟದ ಬಳಿ ಇದೆ, ಕಾಫಿಗೆ ಹಾಲು ಹಾಕಿದ ಬಣ್ಣದಲ್ಲಿ. ಮಕ್ಕಳನ್ನು ಎತ್ತಿಕೊಂಡು ದಂಡೆ ಹತ್ತಿದೆವು. ಬೆಳಗಿನ ಹೊತ್ತಿಗೆ ನಾವು ಅಡುಗೆ ಮಾಡಿದ್ದ ಜಾಗದಲ್ಲಿ ಮೊಣಕಾಲುದ್ದ ನೀರಿತ್ತು.

ಹಾಗಾಗಿ ಮೊದಲ ಮಾತು: ಡೇರೆ ಬಿಚ್ಚುವ ಮುನ್ನ ಮರಗಳ ಕೊಂಬೆ ನೋಡಿ. ಕಸ ಎಲ್ಲಿ ಸಿಕ್ಕಿದೆಯೋ ನೀರು ಅಲ್ಲಿಯವರೆಗೆ ಬಂದಿತ್ತು. ಮಳೆಯ ಮುನ್ಸೂಚನೆಯನ್ನು ನೀವಿರುವ ಊರಿಗಲ್ಲ, ಹಳ್ಳದ ಮೇಲ್ಭಾಗಕ್ಕೆ ನೋಡಿ. ಕಾರನ್ನು ಕಲ್ಲುದಿಣ್ಣೆಗೆ ಇಳಿಸಲೇಬೇಡಿ. ಹಳ್ಳಿ ರಸ್ತೆಗಳಲ್ಲಿ ನೀರಿನ ಮಟ್ಟಕ್ಕೇ ಹಾಕಿದ ಕಾಂಕ್ರೀಟ್ ಸೇತುವೆಗಳಿವೆ. ಅವುಗಳ ಮೇಲೆ ನೀರು ಹರಿಯುತ್ತಿದ್ದರೆ, ಪಾದ ಮುಳುಗುವಷ್ಟೇ ಕಂಡರೂ, ತಿರುಗಿಸಿ ವಾಪಸು ಹೋಗಿ.

ಎರಡನೆಯದು, ನೆಲ ಯಾರದು ಎಂಬುದು. ಇಲ್ಲಿ ಬೇಲಿ ಇಲ್ಲದ ಕಡೆಯೂ ಮಾಲೀಕರಿದ್ದಾರೆ. ಮರದ ಕಾಂಡದ ಮೇಲೆ ನೇರಳೆ ಬಣ್ಣದ ಉದ್ದ ಪಟ್ಟಿ ಕಂಡರೆ ಅದು ಅಲಂಕಾರವೂ ಅಲ್ಲ, ಅರಣ್ಯ ಇಲಾಖೆಯ ಗುರುತೂ ಅಲ್ಲ. ಒಳಗೆ ಕಾಲಿಡಬೇಡ ಎಂದರ್ಥ. ಮಿಸ್ಸೂರಿಯ ಕಾನೂನಿನಲ್ಲಿ ಈ ಬಣ್ಣಕ್ಕೆ ಫಲಕದಷ್ಟೇ ಬೆಲೆ: ಪಟ್ಟಿ ಕನಿಷ್ಠ 8 ಅಂಗುಲ ಉದ್ದ, ನೆಲದಿಂದ 3ರಿಂದ 5 ಅಡಿ ಎತ್ತರ. ಫಲಕವನ್ನು ಯಾರಾದರೂ ಕಿತ್ತಾರು, ಬಣ್ಣ ಕೀಳುವುದು ಹೇಗೆ?

ಹಳ್ಳದೊಳಗಿನ ಲೆಕ್ಕ ಬೇರೆ. 1954ರಲ್ಲಿ ಇದೇ ಮೆರಮೆಕ್ ನದಿಯ ಮೊಕದ್ದಮೆಯೊಂದರಲ್ಲಿ ಮಿಸ್ಸೂರಿಯ ಸುಪ್ರೀಂ ಕೋರ್ಟು, ದೋಣಿ ತೇಲುವಂಥ ಹೊಳೆಯ ತಳ ಖಾಸಗಿಯವರದಾದರೂ ಅದರಲ್ಲಿ ತೇಲಿಹೋಗಲು, ನಡೆಯಲು, ಮೀನು ಹಿಡಿಯಲು ಜನರಿಗೆ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಆದರೆ ಆ ಹಕ್ಕು ಕಲ್ಲುದಿಣ್ಣೆಯ ಯಾವ ಗೆರೆಯವರೆಗೆ ಎಂಬ ಜಗಳ ನಿಂತಿಲ್ಲ. 2013ರಲ್ಲಿ ಸ್ಟೀಲ್‌ವಿಲ್ ಬಳಿ ಅಂಥದೊಂದು ಜಗಳದಲ್ಲಿ ದೋಣಿಯಾತ್ರೆಗೆ ಬಂದವನೊಬ್ಬ ಗುಂಡೇಟಿಗೆ ಸತ್ತ. ಯಾರಾದರೂ ಬಂದು ಏಳಿ ಎಂದರೆ ತೀರ್ಪಿನ ಪಾಠ ಒಪ್ಪಿಸದೆ ಎದ್ದು ಹೋಗಿ.

ಇದ್ಯಾವ ತಲೆನೋವೂ ಬೇಡವೆಂದರೆ ಹೂಜಾ ಕನ್ಸರ್ವೇಷನ್ ಏರಿಯಾಕ್ಕೇ ಹೋಗಿ. ಆರು ಸಾವಿರ ಎಕರೆಗೂ ಮಿಕ್ಕ ಸಾರ್ವಜನಿಕ ಕಾಡು, ಪ್ರವೇಶ ಶುಲ್ಕವಿಲ್ಲ. 1976ರಲ್ಲಿ ಈ ರಾಜ್ಯದ ಜನ ಕಾಡು ಮತ್ತು ವನ್ಯಜೀವಿಗಳಿಗೆಂದು ತಾವೇ ಮತ ಹಾಕಿ ಮಾರಾಟ ತೆರಿಗೆ ಹೇರಿಕೊಂಡರು, ಎಂಟು ಡಾಲರ್ ಖರೀದಿಗೆ ಒಂದು ಸೆಂಟ್. ಇಲ್ಲಿಯ ಅಂಗಡಿಗಳಲ್ಲಿ ನೀವು ಸಾಮಾನು ಕೊಂಡಿದ್ದರೆ ನಿಮ್ಮ ದುಡ್ಡೂ ಅದರಲ್ಲಿ ಸೇರಿದೆ. ಒಳಗೆ ಹತ್ತೊಂಬತ್ತನೇ ಶತಮಾನದ ಸ್ಕೋಷಿಯಾ ಕಬ್ಬಿಣದ ಕುಲುಮೆಯ ಅವಶೇಷವಿದೆ, ಮಕ್ಕಳಿಗೆ ತೋರಿಸಿ. ಶಿಬಿರದ ಜಾಗದಲ್ಲಿ ಸೌಕರ್ಯ ಕಡಿಮೆ, ಕುಡಿಯುವ ನೀರು ಒಯ್ಯಿರಿ. ಸೌದೆಯನ್ನು ಮಾತ್ರ ಮನೆಯಿಂದ ಒಯ್ಯಬೇಡಿ. ಅದರೊಳಗೆ ಬರುವ ಕೊರೆಹುಳು ಇಲ್ಲಿಯ ಆಷ್ ಮರಗಳನ್ನು ಕೊಲ್ಲುತ್ತಿದೆ. ಗಾಜಿನ ಬಾಟಲಿಯೂ ಬೇಡ, ದೋಣಿಯಲ್ಲಿ ಅದು ಅಪರಾಧ. ತಿಂಡಿಯನ್ನು ರಾತ್ರಿ ಕಾರಿನೊಳಗಿಡಿ. ನಮ್ಮ ಚಕ್ಕುಲಿ ಡಬ್ಬಿಯ ಮುಚ್ಚಳವನ್ನು ರಕೂನ್ ತಿರುಗಿಸಿಯೇ ತೆಗೆದಿತ್ತು.

ಮೀನಿನ ವಿಷಯ. ಹದಿನಾರು ದಾಟಿದವರಿಗೆ ಪರವಾನಗಿ ಬೇಕು. ಅರವತ್ತೈದು ದಾಟಿದವರಿಗೆ ವಿನಾಯಿತಿ ಇದೆ, ಆದರೆ ಮಿಸ್ಸೂರಿ ನಿವಾಸಿಗಳಿಗೆ ಮಾತ್ರ. ಊರಿನಿಂದ ಬಂದ ಅಪ್ಪನ ಕೈಗೆ ಗಾಳ ಕೊಡುವುದಾದರೆ ಅವರ ಹೆಸರಿಗೆ ದಿನದ ಪರವಾನಗಿ ತೆಗೆದುಕೊಳ್ಳಿ, ಮೊಬೈಲಿನಲ್ಲೇ ಸಿಗುತ್ತದೆ. ಎಲ್ಲರೂ ಬಾಯಿ ತುಂಬ ಹೇಳುವುದು ಸ್ಮಾಲ್‌ಮೌತ್ ಬಾಸ್ ಬಗ್ಗೆ. ಈ ಹಳ್ಳಗಳಲ್ಲಿ ಮಾರ್ಚ್ 1ರಿಂದ ಮೇ ನಾಲ್ಕನೇ ಶನಿವಾರದ ಹಿಂದಿನ ದಿನದವರೆಗೆ ಅದನ್ನು ಹಿಡಿದರೂ ಬಿಡಬೇಕು. ನನಗಂತೂ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಲಾಂಗ್‌ಇಯರ್ ಸನ್‌ಫಿಶ್. ಸಣ್ಣ ಗಾಳಕ್ಕೆ ಎರೆಹುಳು ಚುಚ್ಚಿ ಬಂಡೆಯ ನೆರಳಿಗೆ ಬಿಟ್ಟರೆ ಮಕ್ಕಳಿಗೂ ಸಿಗುತ್ತದೆ. ಅಂಗೈಯಗಲದ ಮೀನು, ಹೊಟ್ಟೆ ಕೆಂಡದ ಕಿತ್ತಳೆ, ಮೈತುಂಬ ನವಿಲುನೀಲಿಯ ಎಳೆಗಳು, ಕಿವಿರಿನ ತುದಿಗೆ ಬಿಳಿ ಅಂಚಿನ ಕಪ್ಪು ಕಿವಿಯಂಥ ಮಡಿಕೆ. ಮಗಳು ಕೈ ಒದ್ದೆ ಮಾಡಿಕೊಂಡು ಹಿಡಿದಳು (ಒಣಗೈಯಲ್ಲಿ ಹಿಡಿದರೆ ಮೈಯ ಲೋಳೆ ಕಿತ್ತುಬರುತ್ತದೆ), ಎರಡು ಸಲ ಅದರ ಬಾಯಿ ತೆರೆದು ಮುಚ್ಚುವುದನ್ನು ನೋಡಿ, ತಾನೇ ನೀರಿಗೆ ಬಿಟ್ಟಳು.

ಮೇ ಕೊನೆಯ ರಜೆಯಲ್ಲಿ ಹೋಗಬೇಡಿ. ಹಳ್ಳದ ತುಂಬ ಬಾಡಿಗೆ ದೋಣಿ ಮತ್ತು ಹಾಡು. ಸೆಪ್ಟೆಂಬರ್ ನನಗೆ ಹೆಚ್ಚು ಇಷ್ಟ: ನೀರು ತಿಳಿ, ಜನ ಕಡಿಮೆ, ತಗ್ಗಿನ ನೆರಳಲ್ಲಿ ಪಾಪಾ ಹಣ್ಣು. ಇದು ನಮ್ಮ ಸೀತಾಫಲದ ಕುಟುಂಬದ್ದೇ. ಹಸಿರು ಸಿಪ್ಪೆ, ಒಳಗೆ ಬಾಳೆಹಣ್ಣು ಕಿವುಚಿದಂಥ ತಿರುಳು. ನನ್ನ ಹೆಂಡತಿ ಮೂರು ತಿಂದು, ನಾಲ್ಕು ಬೀಜವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡಳು.

ಉಣುಗಿನ ಮಾತು ಮಲೆನಾಡಿನವರಿಗೆ ಹೇಳಬೇಕಿಲ್ಲ. ಉಣುಗು ಹರಡುವ ಮಂಗನ ಕಾಯಿಲೆಯ ಹೆಸರು ಕೇಳಿ ಬೆಳೆದವರು, ಬೇಸಿಗೆಯಲ್ಲಿ ಕಾಡಿಗೆ ಹೋಗುವಾಗ ಉಣುಗು ಹತ್ತದಿರಲೆಂದು ಡೇಪಾ ಎಣ್ಣೆ ಹಚ್ಚಿಕೊಂಡವರು ನಾವು. ಇಲ್ಲಿಯದು ಲೋನ್ ಸ್ಟಾರ್ ಉಣುಗು, ಹೆಣ್ಣಿನ ಬೆನ್ನಿನ ಮೇಲೆ ಒಂದು ಬಿಳಿ ಚುಕ್ಕೆ. ಇದು ಕಚ್ಚಿದ ಕೆಲವರಿಗೆ ಕುರಿ, ಹಂದಿ, ದನದ ಮಾಂಸ ಒಗ್ಗದಂತಾಗುತ್ತದೆ, ತಿಂದು ಕೆಲವು ಗಂಟೆಯಾದ ಮೇಲೆ ಮೈಯೆಲ್ಲ ದದ್ದು, ಉಸಿರುಕಟ್ಟು. ನಾವು ಸಸ್ಯಾಹಾರಿಗಳು ಎಂದು ನಿಶ್ಚಿಂತರಾಗಬೇಡಿ, ಕೆಲವರಿಗೆ ಹಾಲೂ ತೊಂದರೆ ಕೊಡುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಟ್ಟೆಗೆ (ಮೈಗಲ್ಲ) ಪರ್ಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸಿ. ಸಂಜೆ ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮುಟದಿಂದ ಅದನ್ನು ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ. ಮೂರೆಲೆಯ ಪಾಯ್ಸನ್ ಐವಿ ಬಳ್ಳಿ ದಂಡೆಯುದ್ದಕ್ಕೂ ಇದೆ, ಮುಟ್ಟಬೇಡಿ.

ನವೆಂಬರಿನಲ್ಲಿ ಇನ್ನೊಮ್ಮೆ ಹೋದೆ, ಈ ಸಲ ಸಹೋದ್ಯೋಗಿಯ ಮನೆತನದ ಜಮೀನಿಗೆ. ತಿಂಗಳ ನಡುವಿನ ಶನಿವಾರದಿಂದ ಹನ್ನೊಂದು ದಿನ ಕೋವಿಯ ಜಿಂಕೆ ಬೇಟೆ. ನೀವು ಬರೀ ನಡೆಯಲು ಹೋದರೂ ಆ ದಿನಗಳಲ್ಲಿ ಕಿತ್ತಳೆ ಬಣ್ಣದ ಟೋಪಿ ಮತ್ತು ಮೇಲಂಗಿ ಹಾಕಿ. 1967ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಕೋವಿ ಹಿಡಿದು ಬೇಟೆಯಾಡಲು ಸಾಮಾನ್ಯವಾಗಿ ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿರಬೇಕು. ನಮ್ಮವರು ಮರೆಯುವುದು ಇನ್ನೊಂದು: ಎಚ್-1ಬಿಯಂಥ ವೀಸಾದಲ್ಲಿರುವವರು ಕೋವಿ, ಗುಂಡು ಇಟ್ಟುಕೊಳ್ಳುವುದು ಒಕ್ಕೂಟದ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಗೆಳೆಯ “ಸ್ವಲ್ಪ ಹಿಡಿದುಕೊಂಡಿರು” ಎಂದರೂ ಕೈ ಜೇಬಿನಲ್ಲಿರಲಿ. ಅಜ್ಜನ ಶಿಕಾರಿಯ ಕಥೆ ಕೇಳಿ ಬೆಳೆದ ನಾನು ಬರಿಗೈಯಲ್ಲಿ ಮಂಚಿಕೆ ಹತ್ತಿ ಕುಳಿತೆ.

ಮೂರು ಗಂಟೆ ಚಳಿ. ಬೆಳಕು ಹರಿಯುವಾಗ ಎರಡು ಹೆಣ್ಣು ಜಿಂಕೆ ಹಳ್ಳ ದಾಟಿ ಬಂದವು, ಕಾಲು ಎತ್ತಿದಾಗ ಗೊರಸಿನಿಂದ ನೀರು ತೊಟ್ಟಿಕ್ಕುವುದು ಕೇಳಿಸುವಷ್ಟು ಹತ್ತಿರ. ಸಹೋದ್ಯೋಗಿ ಹೊಡೆಯಲಿಲ್ಲ. ಮಧ್ಯಾಹ್ನ ಅವರ ತಮ್ಮ ಒಂದು ಗಂಡು ಹೊಡೆದರು, ರಾತ್ರಿ ಹತ್ತರೊಳಗೆ ಅದನ್ನು ಇಲಾಖೆಗೆ ವರದಿ ಮಾಡಬೇಕೆಂದು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು.

ಇದನ್ನೆಲ್ಲ ಕೇಳಿ ಇಬ್ಬರು ಗೆಳೆಯರು ಇಂಥ ಹಳ್ಳದಂಚಿನ ಜಮೀನು ಕೊಳ್ಳಲು ಹೊರಟಿದ್ದಾರೆ. ಜಾಹೀರಾತಿನ ಚಿತ್ರಗಳೆಲ್ಲ ಅಕ್ಟೋಬರಿನ ಎಲೆಬಣ್ಣದವು. ನೀವು ಏಪ್ರಿಲ್, ಮೇ ಮಳೆಯ ಮರುದಿನ ಹೋಗಿ ನೋಡಿ. ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ನೆರೆ ನಕ್ಷೆಯಲ್ಲಿ ಜಾಗ ಹುಡುಕಿ, ರಸ್ತೆಯಿಂದ ಅಲ್ಲಿಗೆ ಹೋಗುವ ದಾರಿಯ ಹಕ್ಕು ಬರಹದಲ್ಲಿದೆಯೇ ಕೇಳಿ. ಸಹೋದ್ಯೋಗಿಯ ತಾತ ಮನೆ ಕಟ್ಟಿದ್ದು ಗುಡ್ಡದ ಮೇಲೆ. ಕೆಳಗೆ ತಗ್ಗಿನಲ್ಲಿ ಇರುವುದು ಒಂದು ಮಂಚಿಕೆ, ಕೂರಲು ಒಂದು ಮರದ ಬೆಂಚು. ಆ ಬೆಂಚನ್ನೂ ಸರಪಳಿ ಹಾಕಿ ಮರಕ್ಕೆ ಬಿಗಿದಿದ್ದಾರೆ.