ಹತ್ತು ಸಾವಿರದ ಸಿಟ್ಟು

ಕ್ಯಾಶ್ ಕೌಂಟರ್‌ನಲ್ಲಿ ಕೂತು ಹನ್ನೊಂದು ವರ್ಷ ಆಯಿತು. ಸಂಜೆ ಟ್ಯಾಲಿ ಆಗದೆ ಬೆವರಿದ್ದು ನಾಲ್ಕೈದು ಸಲ. ಅದರಲ್ಲಿ ಒಂದು ಮಾತ್ರ ಪೂರ್ತಿ ನನ್ನ ಬಾಯಿಂದಲೇ ಆದದ್ದು.

ತಿಂಗಳ ಮೊದಲ ಸೋಮವಾರ. ಪಿಂಚಣಿಯವರು, ಗೃಹಲಕ್ಷ್ಮಿಯವರು ಎಲ್ಲ ಒಟ್ಟಿಗೇ ಬಂದಿದ್ದರು. ಕೌಂಟರ್ ಎರಡು, ಕೂತವನು ನಾನೊಬ್ಬ. ಇನ್ನೊಬ್ಬರನ್ನು ಡೆಪ್ಯುಟೇಶನ್ ಮೇಲೆ ಬೇರೆ ಶಾಖೆಗೆ ಕಳಿಸಿದ್ದರು. ಹನ್ನೊಂದಕ್ಕೆ ಹೋದ ಸರ್ವರ್ ಬಂದದ್ದು ಹನ್ನೊಂದೂಮುಕ್ಕಾಲಿಗೆ. ಪಾಸ್‌ಬುಕ್ ಪ್ರಿಂಟರ್ ಹಿಂದಿನ ವಾರವೇ ಮಲಗಿತ್ತು. ಹಾಗಾಗಿ ಬ್ಯಾಲೆನ್ಸ್ ಕೇಳುವವರೂ ನನ್ನ ಕಿಟಕಿಗೇ.

ಒಬ್ಬ ಅಜ್ಜಿ ಮೂರನೇ ಸಲ ಬಂದರು. ‘ಎರಡು ತಿಂಗಳಿಂದ ಆ ಎರಡು ಸಾವಿರ ಬಂದಿಲ್ಲ ಕಣಪ್ಪ, ಇನ್ನೊಂದ್ಸಲ ನೋಡು.’

ಆಗ ನನ್ನ ಕೈಯಲ್ಲಿ ಇನ್ನೊಬ್ಬರಿಗೆ ಕೊಡಬೇಕಾದ ಹತ್ತು ಸಾವಿರ ಇತ್ತು. ಐನೂರರ ಇಪ್ಪತ್ತು ನೋಟು, ಮಶಿನ್‌ಗೆ ಹಾಕಿ ತೆಗೆದದ್ದು. ಅದನ್ನು ಎಡಕ್ಕಿಟ್ಟು ಶುರು ಮಾಡಿದೆ. ‘ಬಂದಿಲ್ಲ ಅಂದ್ರೆ ಬಂದಿಲ್ಲ ಅಜ್ಜಿ! ನಾನೇನು ಸರ್ಕಾರನಾ? ಎಷ್ಟು ಸಲ ಹೇಳ್ಬೇಕು?’ ಇನ್ನೂ ಏನೇನೋ. ಸಾಲಿನಲ್ಲಿದ್ದವರೆಲ್ಲ ಗಪ್‌ಚಿಪ್. ಅಜ್ಜಿ ಸೆರಗು ಸರಿ ಮಾಡಿಕೊಂಡರು. ‘ಕೂಗ್ಬೇಡ ಮಗ, ನಂಗೆ ಕಿವಿ ಚೆನ್ನಾಗೇ ಕೇಳ್ತದೆ’ ಅಂದು ಬೆಂಚಿಗೆ ಹೋಗಿ ಕೂತರು.

ಅದರಿಂದ ಇನ್ನೂ ಉರಿಯಿತು. ಅದೇ ಉರಿಯಲ್ಲಿ ಡ್ರಾಯರ್‌ನಿಂದ ಮತ್ತೆ ಇಪ್ಪತ್ತು ನೋಟು ತೆಗೆದು ಮಶಿನ್‌ಗೆ ಹಾಕಿದೆ, ಎಡಕ್ಕಿದ್ದದ್ದರ ಜೊತೆ ಸೇರಿಸಿ ಕಿಟಕಿಯಾಚೆ ತಳ್ಳಿದೆ. ಆತ ಎಣಿಸಲಿಲ್ಲ. ಅಂಗಿ ಜೇಬಿಗೆ ತುರುಕಿಕೊಂಡು ಹೊರಟ.

ನಾಲ್ಕೂವರೆಗೆ ನೋಡಿದರೆ ಹತ್ತು ಸಾವಿರ ಶಾರ್ಟ್. ಮೂರು ಸಲ ಎಣಿಸಿದೆ. ಹರಕು ನೋಟಿನ ಕಟ್ಟು ಬಿಚ್ಚಿದೆ, ವೋಚರ್ ಒಂದೊಂದೇ ಹಿಡಿದು ನೋಡಿದೆ, ಕಸದ ಬುಟ್ಟಿಯನ್ನೂ ಬಗ್ಗಿಸಿದೆ. ಆರೂವರೆಗೆ ಮ್ಯಾನೇಜರ್ ಸಿಸಿಟಿವಿ ಹಾಕಿದರು. ಅದರಲ್ಲಿ ಸದ್ದು ಬರಲ್ಲ ಅಲ್ವಾ. ಪರದೆಯಲ್ಲಿ ನನ್ನ ಬಾಯಿ ತೆರೆಯುತ್ತೆ, ಮುಚ್ಚುತ್ತೆ. ತೋರುಬೆರಳು ಗಾಜಿಗೆ ಕುಕ್ಕುತ್ತೆ, ಜಗಳದ ಹುಂಜದ ಹಾಗೆ. ಅಟೆಂಡರ್ ನಕ್ಕುಬಿಟ್ಟು ಆಮೇಲೆ ಕೆಮ್ಮಿದ. ಮ್ಯಾನೇಜರ್ ಮೂರು ಸಲ ಹಿಂದಕ್ಕೆ ಎಳೆದು ‘ಎಡಗೈ ನೋಡ್ರೀ, ಎಡಗೈ’ ಅಂದರು. ನನ್ನ ಕಣ್ಣು ಮಾತ್ರ ಆ ಬೆರಳಿನ ಮೇಲೇ.

ಶಾರ್ಟ್ ಬಂದರೆ ಕ್ಯಾಶಿಯರ್ ಜೇಬು. ಅವತ್ತೇ ನನ್ನ ಖಾತೆಯಿಂದ ತುಂಬಿದೆ.

ಮರುದಿನ ಐದು ನಿಮಿಷ ಬಿಡುವಾದಾಗ ಅಜ್ಜಿಯ ಆಧಾರ್ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋ ಲಿಂಕ್, ನೋಡಿದೆ. ಬೇರೆ ಬ್ಯಾಂಕಿಗೆ ಆಗಿತ್ತು. ಯಾರೋ ಅವರ ಹೆಸರಲ್ಲಿ ಅಲ್ಲೊಂದು ಖಾತೆ ಮಾಡಿಸಿ ಲಿಂಕ್ ಮಾಡಿಸಿದ್ದಾರೆ, ದುಡ್ಡು ಅಲ್ಲಿಗೆ ಹೋಗ್ತಾ ಇದೆ. ನೋಡೋಕೆ ಒಂದು ನಿಮಿಷ ಸಾಕು. ಮೂರು ಸಲ ಬಂದರೂ ನನಗೆ ಹೊಳೆಯಲಿಲ್ಲ. ಬೈಯೋಕೆ ಮಾತ್ರ ಟೈಮಿತ್ತು. ಅವರ ಊರಿನ ಹಾಲಿನ ಡೇರಿಯವರ ಹತ್ತಿರ ಹೇಳಿ ಕಳಿಸಿದೆ.

ಮೇಲಿನವರು ನನಗೆ ಒತ್ತಡ ನಿರ್ವಹಣೆಯ ಆನ್‌ಲೈನ್ ಕೋರ್ಸ್ ಹಾಕಿದರು, ನಲವತ್ತು ನಿಮಿಷದ್ದು. ಪೇಮೆಂಟ್ ಮಾಡ್ತಾ ಮಾಡ್ತಾನೇ ನೆಕ್ಸ್ಟ್ ಒತ್ತಿ ಮುಗಿಸಿದೆ. ತೊಂಬತ್ತು ಮಾರ್ಕ್ಸ್ ಬಂತು. ಪ್ರಿಂಟರ್ ಇನ್ನೂ ರಿಪೇರಿ ಆಗಿಲ್ಲ. ಆ ಕೋರ್ಸ್‌ಗಿಂತ ನಮ್ಮ ಹಳೇ ಹೆಡ್ ಕ್ಯಾಶಿಯರ್ ಫೋನಿನಲ್ಲಿ ಹೇಳಿದ್ದೇ ಉಪಯೋಗಕ್ಕೆ ಬಂತು: ‘ಬೈಯಲೇಬೇಕು ಅಂದ್ರೆ ನೋಟನ್ನ ಡ್ರಾಯರ್‌ಗೆ ಹಾಕಿ ಬೀಗ ಹಾಕಿ ಬೈಯಪ್ಪ.’ ಬೀಗ ಹಾಕೋ ಹೊತ್ತಿಗೆ ಅರ್ಧ ಮಾತು ಮರೆತು ಹೋಗಿರುತ್ತೆ.

ದುಡ್ಡು ತಗೊಂಡ ಆಸಾಮಿ ಫೋನಿನಲ್ಲಿ ಮೊದಲು ‘ಎಣಿಸ್ಕೊಂಡೇ ತಗೊಂಡಿದ್ದು’ ಅಂದಿದ್ದ. ಕ್ಯಾಮೆರಾ ವಿಷಯ ಹೇಳಿದ ಮೇಲೆ ಗುರುವಾರ ಬಂದ. ಕಟ್ಟು ಕಿಟಕಿಯೊಳಗೆ ತಳ್ಳಿ, ‘ಒಂದ್ ಸಾವ್ರ ಗೊಬ್ಬರಕ್ಕೆ ಹೋಯ್ತು ಸಾರ್, ಮುಂದಿನ ತಿಂಗಳು ನೋಡೋಣ’ ಅಂದ.

ಮಾತು ಗಂಟಲಿಗೆ ಬಂದಿತ್ತು. ನೋಟು ಮಶಿನ್‌ಗೆ ಹಾಕಿದೆ. ಹದಿನೆಂಟು. ತೆಗೆದು ಮತ್ತೆ ಹಾಕಿದೆ. ಹದಿನೆಂಟು.